ಹೊಲಿಗಿ ಖೋಲಿ ದೀಪದ ಲೆಕ್ಕ ಯಾರು ಹಾಕಬೇಕು?

ಮನಿ ಕಟ್ಟಿಸುವಾಗ ಆಗಲಿ, ಮ್ಯಾಲೊಂದು ಖೋಲಿ ಏರಿಸುವಾಗ ಆಗಲಿ, ವೈರಿಂಗ್ ಮಾಡೋವ್ರು ಗಂಡಸರ ಜೋಡಿ ನಿಂತು ಮಾತಾಡ್ತಾರ. ಛತ್ತಿನ ನಟ್ಟನಡುವ ಒಂದು ಗೆರಿ ಎಳೀತಾರ, ಅದರ ಮ್ಯಾಲ ನಾಕು ದೀಪದ ಗುರುತು ಹಾಕ್ತಾರ, ಮುಗೀತು. ಅಲ್ಲಿ ಸೂಜಿ ಹಿಡಿದು ಕೂಡೋರು ಯಾರು, ಯಾವ ಕಡೆ ಮುಖ ಮಾಡಿ ಕೂಡ್ತಾರ ಅಂತ ಒಬ್ಬರೂ ಕೇಳೂದಿಲ್ಲ. ನನ್ನ ಮಾತು ಇಷ್ಟ: ಕೈ ಎಲ್ಲಿ ಕೆಲಸ ಮಾಡ್ತದೋ ಅಲ್ಲಿಂದ ದೀಪದ ಲೆಕ್ಕ ಸುರು ಆಗಬೇಕು, ಆ ಲೆಕ್ಕ ಹೇಳೋರು ಅಲ್ಲಿ ಕೂಡೋ ಹೆಂಗಸರ ಆಗಿರಬೇಕು.

ನಮ್ಮ ಮಾಳಿಗಿ ಮ್ಯಾಲ ಈ ವರ್ಷ ಪತ್ರಾಸಿನ ಶೆಡ್ ಹಾಕಿಸೇವಿ, ನಿಮಗ ಗೊತ್ತದ. 30 ಫೂಟು ಉದ್ದ, 20 ಫೂಟು ಅಗಲ. ಒಂದು ತುದಿಗೆ ನಮ್ಮ ಮನಿಯವರ ಬಡಿಗತನದ ಸಾಮಾನು. ರಿಟೈರ್ ಆದಮ್ಯಾಲ ಸಣ್ಣ ಲೇಥ್ ತಂದು ಲಟ್ಟಣಿಗಿ, ಬುಗರಿ ಮಾಡ್ಲಿಕ್ಕೆ ಹತ್ಯಾರ. ಇನ್ನೊಂದು ತುದಿಗೆ ನಮ್ಮ ಎರಡು ಹೊಲಿಗಿ ಮಷೀನು, ಕಿಡಕಿ ಹತ್ರ ಕಸೂತಿಗೆ ಜಾಗ, ನಡುವ ಕೌದಿ ಹಾಸಲಿಕ್ಕೆ ನೆಲ. ಮೊದಲು ಬಂದ ವೈರಿಂಗ್ ಹುಡುಗ ಲೇಥ್ ಮ್ಯಾಲ ಎರಡು ಟ್ಯೂಬು, ಉಳಿದದ್ದಕ್ಕೆಲ್ಲಾ ಎರಡು ಸಾಕಂದ. “ಹೊತ್ತು ಕಳೀಲಿಕ್ಕೆ ಮಾಡೋ ಹೊಲಿಗಿಗೆ ಎಷ್ಟ್ ಬೆಳಕು ಬೇಕ್ರಿ ಅಕ್ಕಾರ?” ಅಂದ.

ಈ ಮಾತು ನನಗ ಸೇರಲಿಲ್ಲ. ಕಸೂತಿಗೆ ಬಟ್ಟಿ ಮ್ಯಾಲ ಗೆರಿ ಬರಕೊಂಡಿರೂದಿಲ್ಲ, ಎಳಿ ಎಣಿಸೇ ಹಾಕಬೇಕು. ಕರೇ ಚಂದ್ರಕಾಳಿ ಸೀರಿ ಮ್ಯಾಲ ಗವಂತಿ ಹಾಕುವಾಗ ಹೋಗ್ತಾ ಒಂದು ಎಳಿ ತಪ್ಪಿದ್ರ ಬರೋಮುಂದ ಕೂಡೂದಿಲ್ಲ, ಗೋಪುರ ಸೊಟ್ಟ ಆಗ್ತದ. ಇದು ಕಮ್ಮಿ ಬೆಳಕಿನ ಕೆಲಸನ?

ನಮ್ಮ ವೈನಿ ಎರಡು ವರ್ಷದಿಂದ ಕಸೂತಿ ಬಿಟ್ಟಾರ. ಕೇಳಿದ್ರ “ಕಣ್ಣು ಹೋದವು” ಅಂತಾರ. ಡಾಕ್ಟರಿಗೆ ತೋರಿಸಿಕೊಂಡು ಬಂದಾರ, ಚಷ್ಮಾ ನಂಬರೂ ಬದಲಾಗಿಲ್ಲ. ಹಗಲಿಗೆ ಕಟ್ಟಿ ಮ್ಯಾಲ ಕೂತ್ರ ಎಳಿ ಕಾಣ್ತಾವ, ಸಂಜಿಗೆ ಪಡಸಾಲ್ಯಾಗ ಕಾಣೂದಿಲ್ಲ. ವಯಸ್ಸಾದಂಗ ಕಣ್ಣಪಾಪಿ ಸಣ್ಣದಾಗ್ತದ, ಒಳಗಿನ ಮಸೂರ ಹಳದಿ ಆಗ್ತದ, ಅದಕ್ಕ ಹರೇದಾಗಿನಕಿಂತ ಭಾಳ ಹೆಚ್ಚು ಬೆಳಕು ಬೇಕಾಗ್ತದ. ಅದನ್ನ ಕೇಳಿ ಪಡಕೊಳ್ಳೋದು ಬಿಟ್ಟು ನಾವು ಸೂಜಿನ ಡಬ್ಬ್ಯಾಗ ಇಟ್ಟು ಬಿಡ್ತೇವಿ. ಕಣ್ಣು ತೋರಿಸೋದು ಮೊದಲ ಕೆಲಸ, ಖರೆ. ಆದರ ಕಣ್ಣು ಸರಿ ಅದಾವ ಅಂದಮ್ಯಾಲ ದೀಪ ನೋಡಬೇಕಲ್ಲ?

ಲೆಕ್ಕ ಏನು ದೊಡ್ಡದಲ್ಲ, ಪಿ.ಯು.ಸಿ. ಓದಿದ ನನಗ ತಿಳೀತಂದ್ರ ನಿಮಗೂ ತಿಳೀತದ. ಪ್ಯಾಕೆಟ್ ಮ್ಯಾಲ ವ್ಯಾಟ್ ಅಂತ ಇರೋದು ಎಷ್ಟು ಕರೆಂಟು ತಿಂತದ ಅನ್ನೋದು. ಲ್ಯೂಮೆನ್ ಅಂತ ಇರೋದು ಎಷ್ಟು ಬೆಳಕು ಕೊಡ್ತದ ಅನ್ನೋದು. 4 ಫೂಟಿನ 20 ವ್ಯಾಟ್ ಎಲ್‌ಇಡಿ ಟ್ಯೂಬು ಸುಮಾರು 2000 ಲ್ಯೂಮೆನ್ ಕೊಡ್ತದ. ಒಂದು ಚದರ ಮೀಟರ್ ಜಾಗಾಕ್ಕ ಒಂದು ಲ್ಯೂಮೆನ್ ಬಿದ್ರ ಅದು ಒಂದು ಲಕ್ಸ್. ನಮ್ಮ 600 ಚದರ ಫೂಟು ಅಂದ್ರ ಸುಮಾರು 56 ಚದರ ಮೀಟರ್. ಸಾಮಾನ್ಯ ಕೆಲಸಕ್ಕ 300 ಲಕ್ಸ್ ಹಿಡಿದ್ರ 16,800 ಲ್ಯೂಮೆನ್ ಕೆಳಗ ಬೀಳಬೇಕು. ಗ್ವಾಡಿ, ಛತ್ತು, ಧೂಳು ನುಂಗೋದು ಬಿಟ್ಟು ನೂರಕ್ಕ ಅರವತ್ತರಷ್ಟು ಕೆಳಗ ಬರ್ತದ ಅಂತ ಹಿಡಿದ್ರ 28,000 ಬೇಕು. ಅಂದ್ರ 14 ಟ್ಯೂಬು, ನಾಕಲ್ಲ! ಹೊಲಿಗಿಗೆ ಇದೂ ಸಾಲೂದಿಲ್ಲ, ಅಲ್ಲಿ 750ಕಿಂತ ಕಮ್ಮಿ ಇರಬಾರದು. ಅದಕ್ಕ ಪ್ರತಿ ಮಷೀನಿಗೆ, ಕಸೂತಿ ಮೂಲಿಗೆ ಬ್ಯಾರೆ ಸಣ್ಣ ದೀಪ ಹತ್ರ ಬೇಕು.

ಹದಿನಾಕು ಅಂದಕೂಡಲೇ ಮನಿಯವರು ಬಿಲ್ಲಿನ ಮಾತು ತಗದ್ರು. ಎಲ್ಲಾ ಹಚ್ಚಿದ್ರೂ 280 ವ್ಯಾಟ್. ದಿನಾ ಮೂರು ತಾಸು ಹಚ್ಚಿದ್ರ ಒಂದು ಯುನಿಟ್ಟೂ ಆಗೂದಿಲ್ಲ. 2000 ವ್ಯಾಟಿನ ಗೀಜರ್ ಅರ್ಧ ತಾಸು ಹಚ್ಚಿದ್ರ ಒಂದು ಯುನಿಟ್ ಆಗ್ತದ. ಗೀಜರಿಗೆ ಯಾರೂ ಲೆಕ್ಕ ಕೇಳೂದಿಲ್ಲ ನೋಡ್ರಿ, ನಮ್ಮ ಸೂಜಿಗೆ ಕೇಳ್ತಾರ.

ಎಷ್ಟು ಅನ್ನೋದಕಿಂತ ಎಲ್ಲಿ ಅನ್ನೋದು ದೊಡ್ಡದು. ದೀಪ ಬೆನ್ನ ಹಿಂದಿದ್ರ ನಮ್ಮ ತಲಿ ನೆಳ್ಳು ಸೂಜಿ ಮ್ಯಾಲ ಬೀಳ್ತದ, ಮತ್ತ ಎಷ್ಟು ದೀಪ ಇದ್ದರೇನು! ಬಲಗೈಲೆ ಹೊಲಿಯೋರಿಗೆ ಎಡಕ್ಕ, ಸ್ವಲ್ಪ ಮುಂದ ಇರಬೇಕು. ಎಡಚರಿಗೆ ಬಲಕ್ಕ. ಕೌದಿ ಕಥಿ ಇನ್ನೂ ಬ್ಯಾರೆ. ನಾಕೂ ಕಡೆ ನಾಕು ಮಂದಿ ಕೂತು ಅಂಚಿನಿಂದ ನಡುವಿಗೆ ಹೊಲಕೋತ ಬರ್ತೇವಿ, ಒಬ್ಬಾಕಿಗೆ ಮುಂದಿನ ದೀಪ ಇನ್ನೊಬ್ಬಾಕಿಗೆ ಹಿಂದಿಂದು. ಅಲ್ಲಿ ಒಂದ ಸಾಲು ನಡೆಯೂದಿಲ್ಲ. ಎರಡು ಸಾಲು ಬೇಕು, ಎರಡೂ ಕಡೆಯಿಂದ ಬೆಳಕು ಬಿದ್ರ ನೆಳ್ಳು ತಿಳಿಯಾಗ್ತದ. ಮ್ಯಾಲ ನೆಲದ ಮ್ಯಾಲ ಕೂಡೋರು ಟೇಬಲ್ಲಿಗಿಂತ ಎರಡೂವರೆ ಫೂಟು ಕೆಳಗ ಇರ್ತಾರ, ಅವರಿಗೆ ಬೆಳಕು ಇನ್ನೂ ಕಮ್ಮಿ ಮುಟ್ತದ. ಅದಕ್ಕ ನಡುವಿನ ಜಾಗಾಕ್ಕ ಆರು ಟ್ಯೂಬು ಅಂದೆ, ಮೂರು ಮೂರರ ಎರಡು ಸಾಲು. ಉಳಿದ ಎಂಟರಾಗ ಲೇಥ್ ಕಡೆ ನಾಕು, ಹೊಲಿಗಿ ಕಡೆ ನಾಕು.

ಗುರುತು ಹಾಕೋದು ಹಿಂಗ: ಖೋಲಿ ಖಾಲಿ ಇದ್ದಾಗ ಚಾಪಿ ಹಾಸಿ, ಮಷೀನು ಇಟ್ಟು, ನಾವೇ ಕೂತು ನೆಲದ ಮ್ಯಾಲ ಖಡುಲೆ ಗೆರಿ ಹೊಡೀಬೇಕು. ಛತ್ತಿನ ಗುರುತು ಆಮ್ಯಾಲ. ಗೆರಿ ಹೊಡಿಯೋ ದಿನ ವೈನಿನ್ನೂ ಕರದಿದ್ದೆ. ಸುಮ್ಮನ ನಿಂತಾಕಿ ಕಿಡಕಿ ಹತ್ರ ಹೋಗಿ ಕೂತು, “ನನಗ ಇಲ್ಲಿ ಎಡಕ್ಕ ಒಂದು ಬೇಕು” ಅಂದ್ಲು. ನಾ ಅಲ್ಲೇ ಗೆರಿ ಹೊಡದೆ.

ಬಣ್ಣದ ಮಾತು ಬಿಡಬ್ಯಾಡ್ರಿ. 6500 ಕೆಲ್ವಿನ್ ಅಂತ ಬರದದ್ದು ನೀಲಿ ಬಿಳುಪು, 3000 ಹಳದಿ, ನಡುವಿನ 4000 ನನಗ ಹಿಡಿಸ್ತದ. ಅದಕಿಂತ ಮುಖ್ಯ ಸಿಆರ್‌ಐ, ಬಣ್ಣ ಎಷ್ಟು ಖರೆ ಕಾಣ್ತದ ಅನ್ನೋ ಅಂಕಿ. ಸಾಮಾನ್ಯ ದೀಪಕ್ಕ 80 ಇರ್ತದ, ದಾರ ಆರಿಸೋರಿಗೆ 90 ಬೇಕು. ಅಂಕಿ ಸಿಗಲಿಲ್ಲಂದ್ರ ಅಂಗಡಿಗೆ ಕರೇದು, ಕಡುನೀಲಿ, ಕಡುಹಸರು ದಾರದ ಲಡಿ ಒಯ್ರಿ. ದೀಪದ ಕೆಳಗ ನೋಡಿ, ಆಮ್ಯಾಲ ಬಾಗಲದಾಗ ಬಿಸಿಲಿಗೆ ಹಿಡಿದು ನೋಡ್ರಿ. ಅಂಗಡಿಯವ ನಗ್ತಾನ, ನಗಲಿ.

ಗಂಡಸರ ಲೇಥಿಗೂ ಒಂದು ಮಾತು. ಹಗರ ದರದ ಕೆಲವು ದೀಪ ಕಣ್ಣಿಗೆ ಕಾಣಧಂಗ ಮಿಣುಕ್ತಾವ. ಅಂಥಾ ಬೆಳಕಿನಾಗ ತಿರುಗೋ ಕಟ್ಟಿಗಿ ನಿಂತಂಗ ಕಾಣೋದುಂಟು, ಕೈ ಹಾಕಿದ್ರ ಹೋತು. ಮೊಬೈಲ್ ಕ್ಯಾಮೆರಾ ಸ್ಲೋ ಮೋಷನ್ ಮಾಡಿ ದೀಪಕ್ಕ ಹಿಡೀರಿ, ಬೆಳಕು ಬಂದು ಹೋಗಿ ಆದ್ರ ಅದು ಬ್ಯಾಡ.

ಸ್ವಿಚ್ಚು ಮಾತ್ರ ಬ್ಯಾರೆ ಬ್ಯಾರೆ ಕೇಳ್ರಿ, ಒಬ್ಬಾಕಿ ಕೂತಾಗ ಹದಿನಾಕೂ ಯಾಕ ಹಚ್ಚಬೇಕು? ಹೊಲಿಗಿ ಕಡೆ ನಾಕನ್ನ ಇನ್ವರ್ಟರಿಗೆ ಕೊಡಿಸ್ರಿ, ಬರೇ 80 ವ್ಯಾಟ್. ಪತ್ರಾಸಿನ ಒಳಮೈಗೆ, ಗ್ವಾಡಿಗೆ ಬಿಳೇ ಬಣ್ಣ ಹೊಡಿಸಿದ್ರ ಬೆಳಕು ತಿರುಗಿ ಕೆಳಗ ಬರ್ತದ. ಕಟ್ಟಿಗಿ ಪುಡಿ ಹಾರಿ ಟ್ಯೂಬಿನ ಮ್ಯಾಲ ಕೂಡ್ತದ, ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ಒಣ ಅರಿವಿಲೆ ಒರಸಬೇಕು. ಆ ಕೆಲಸ ಪುಡಿ ಹಾರಿಸೋರ ಪಾಲಿಗೆ ಅಂತ ನಾ ಈಗಾಗ್ಲೇ ಹೇಳೇನಿ.