ಬಾಣದ ಗುರುತು ದಾಟಿಹೋದ ಊರು

ಬೋಧನಾ ಅಭ್ಯಾಸದ ಅವಧಿಯಲ್ಲಿ ಎರಡನೇ ಮಹಾಯುದ್ಧದ ಪಾಠವನ್ನು ನಾನು ಹಲವು ಬಾರಿ ವೀಕ್ಷಿಸಿದ್ದೇನೆ. ಪೆಸಿಫಿಕ್ ಭಾಗ ಬಂದಾಗ ಎಲ್ಲರದೂ ಒಂದೇ ದಾರಿ: ಪರ್ಲ್ ಹಾರ್ಬರ್, ನಕ್ಷೆಯ ಮೇಲೆ ನಾಲ್ಕು ಬಾಣದ ಗುರುತು, ಹಿರೋಶಿಮಾ. ಕಳೆದ ಸಾಲಿನಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿ, "ಬಾಣ ದಾಟಿಹೋದ ಊರಲ್ಲಿ ಜನ ಇರ್ಲಿಲ್ವಾ ಸರ್?" ಎಂದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋಮ್ಮ" ಎಂದು ಅವರು ಮುಂದೆ ಹೋದರು. ನಾನು ಅವಲೋಕನ ಪತ್ರದಲ್ಲಿ "ಸಮಯ ನಿರ್ವಹಣೆ ಉತ್ತಮ" ಎಂದು ಬರೆದೆ. ಆ ಮಾತು ಈಗಲೂ ಚುಚ್ಚುತ್ತದೆ.

ಜನ ಇದ್ದರು. ಇಂದಿನ ಪಪುವಾ ನ್ಯೂಗಿನಿಗೆ ಸೇರಿದ ನ್ಯೂ ಬ್ರಿಟನ್ ದ್ವೀಪದ ರಬೌಲ್ ಅನ್ನೇ ನೋಡಿ. ಸುತ್ತ ಜ್ವಾಲಾಮುಖಿಗಳು, ನಡುವೆ ಆಳವಾದ, ಗಾಳಿ ಅಲೆಗಳಿಂದ ಮರೆಯಾದ ಬಂದರು. 1942ರ ಜನವರಿ 23ರಂದು ಜಪಾನ್ ಅದನ್ನು ಆಸ್ಟ್ರೇಲಿಯಾದ ಸಣ್ಣ ಪಡೆಯಿಂದ ಕಸಿದುಕೊಂಡು, ದಕ್ಷಿಣ ಪೆಸಿಫಿಕ್‌ನ ತನ್ನ ಮುಖ್ಯ ನೆಲೆ ಮಾಡಿಕೊಂಡಿತು. ನೆಲೆ ಎಷ್ಟು ಬಲವಾಯಿತೆಂದರೆ, 1943ರಲ್ಲಿ ಮಿತ್ರರಾಷ್ಟ್ರಗಳು ನೇರ ದಾಳಿಯ ಯೋಚನೆ ಬಿಟ್ಟು, ಅದನ್ನು ಸುತ್ತುವರಿದು, ಬಾಂಬು ಸುರಿಸುತ್ತ ಮುಂದೆ ಸಾಗಿದವು. ಜಾಣತನದ ತಂತ್ರ ನಿಜ. ಅವರ ಎಷ್ಟೋ ಸೈನಿಕರು ಉಳಿದರು. ಆದರೆ ಬಾಣ ಮುಂದೆ ಹೋದರೂ ಅಲ್ಲಿನ ಟೊಲಾಯಿ ಜನ ಎಲ್ಲಿಗೆ ಹೋಗಬೇಕು? ಜಪಾನಿ ಪಡೆ ಅಲ್ಲಿ ಶರಣಾದದ್ದು 1945ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೂ ಬೆಳೆದದ್ದು ಸೇನೆಯ ಪಾಲು, ಬಿಟ್ಟಿ ದುಡಿಮೆ, ತಲೆಯ ಮೇಲೆ ಬಾಂಬು, ಹಸಿವು.

ಇನ್ನೂ ಒಂದು ಮಾತು. ಸಿಂಗಪುರದಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸೈನಿಕರನ್ನು ದುಡಿಸಲೆಂದು ಹಡಗು ತುಂಬಿ ಈ ದ್ವೀಪಕ್ಕೆ ತಂದಿದ್ದರು. ರಬೌಲ್ ಬಳಿಯ ಬಿಟಾ ಪಾಕಾ ಯುದ್ಧ ಸ್ಮಶಾನದಲ್ಲಿ ಭಾರತೀಯರ ಸಮಾಧಿಗಳಿವೆ. ನಾನು ಸಹಿ ಹಾಕಿದ ಒಂದು ಪಾಠ ಯೋಜನೆಯಲ್ಲೂ ಇವರ ಸುಳಿವಿಲ್ಲ.

ಹಾಗಾಗಿ ನನ್ನ ವಾದ ಇಷ್ಟು: ಯುದ್ಧದ ಪಾಠದಲ್ಲಿ ಒಂದಾದರೂ ಕಡಲತೀರವನ್ನು ಪೂರ್ತಿಯಾಗಿ ಕಲಿಸಬೇಕು. ಹೊರರೇಖಾ ನಕ್ಷೆ ಕೊಟ್ಟು "ಹಡಗು ಎಲ್ಲಿ ನಿಲ್ಲಿಸ್ತೀರಿ?" ಎಂದು ಕೇಳಿದರೆ ಮಕ್ಕಳೇ ಆ ಕೊಲ್ಲಿಗೆ ಬೆರಳಿಡುತ್ತಾರೆ. ಆಮೇಲೆ, ಅದರ ದಡದಲ್ಲಿ ಯಾರಿದ್ದರು ಎಂದು ಕೇಳಬಹುದು. ನಲವತ್ತು ನಿಮಿಷ ಸಾಲದು ಎನ್ನುತ್ತಾರೆ ಸಹೋದ್ಯೋಗಿಗಳು. ಸಾಲದಿದ್ದರೆ ಕಪ್ಪುಹಲಗೆಯ ಪಟ್ಟಿಯಿಂದ ಎರಡು ಕದನಗಳ ಹೆಸರು ಬಿಡಲಿ.

ಈ ಸಾಲಿನ ಅವಲೋಕನ ಪತ್ರದ ಕೊನೆಗೆ ನಾನೇ ಕೈಯಲ್ಲಿ ಒಂದು ಸಾಲು ಸೇರಿಸಿಕೊಂಡಿದ್ದೇನೆ: ವಿದ್ಯಾರ್ಥಿ ಕೇಳಿದ ಪ್ರಶ್ನೆ ಏನಾಯಿತು?