ಮೂರು ತಿಂಗಳ ಕರಾಟೆ ಸಾಕೇ?



ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ನಡೆಯುತ್ತಿದ್ದ ಕರಾಟೆ ತರಬೇತಿ ಹೋದ ತಿಂಗಳು ಮುಗಿಯಿತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ 6ರಿಂದ 12ನೇ ತರಗತಿಯ ವಿದ್ಯಾರ್ಥಿನಿಯರಿಗಾಗಿ ಇರುವ ಈ ತರಬೇತಿಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಎಂದು ಹೆಸರು. ಅವಧಿ 3 ತಿಂಗಳು. ತಾಲ್ಲೂಕಿನ ಕರಾಟೆ ಶಾಲೆಯಿಂದ ಮೇಷ್ಟ್ರು ಬಂದು ಕಲಿಸಿ ಹೋದರು. ಈಗ ಮೈದಾನ ಖಾಲಿ. ಆದರೆ ಊರಲ್ಲಿ ಮಾತು ನಿಂತಿಲ್ಲ. “ಹೆಣ್ಮಕ್ಳಿಗೆ ಯಾಕವ್ವ ಈ ಗುದ್ದಾಟ?” ಅಂತ ಕೆಲವರು. “ಮೂರು ತಿಂಗಳಲ್ಲಿ ಏನ್ ಮಹಾ ಕಲಿತ್ರು?” ಅಂತ ಇನ್ನು ಕೆಲವರು. “ನಮಗ್ಯಾಕೆ ಕಲಿಸ್ಲಿಲ್ಲ?” ಅಂತ ನಮ್ಮ ತರಗತಿಯ ಹುಡುಗರು.

ನನ್ನ ಅಭಿಪ್ರಾಯ ಇಷ್ಟೇ: ತರಬೇತಿ ನಿಲ್ಲಬಾರದು. ವಾರಕ್ಕೊಮ್ಮೆ, ವರ್ಷಪೂರ್ತಿ, ಹುಡುಗ ಹುಡುಗಿಯರಿಬ್ಬರಿಗೂ ನಡೆಯಬೇಕು. ಮೂರು ಮಾತಿಗೂ ಒಂದೊಂದಾಗಿ ಉತ್ತರ ಹೇಳುತ್ತೇನೆ.

ಮೊದಲನೆಯದು, ಹೆಣ್ಣುಮಕ್ಕಳಿಗೆ ಯಾಕೆ ಎಂಬ ಮಾತು. 2021ರಿಂದ ನಮ್ಮ ಸರ್ಕಾರ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ. ಒನಕೆ ಹಿಡಿದ ಓಬವ್ವನ ಫೋಟೋಗೆ ಹಾರ ಹಾಕ್ತೀವಿ, ಮನೆಮಗಳು ಮುಷ್ಟಿ ಹಿಡಿದರೆ ಬೈತೀವಿ. ಇದು ಯಾವ ನ್ಯಾಯ? ಪಕ್ಕದ ಹಳ್ಳಿಗಳಿಂದ ನಡೆದು ಬರುವ ಅಕ್ಕ ತಂಗಿಯರ ಕಷ್ಟ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಯಾರಾದರೂ ಚುಡಾಯಿಸಿದರೆ ಮನೆಯಲ್ಲಿ ಹೇಳೋಕೆ ಭಯ. ಹೇಳಿದರೆ “ನಾಳೆಯಿಂದ ಸ್ಕೂಲಿಗೆ ಹೋಗ್ಬೇಡ” ಅಂದುಬಿಡ್ತಾರೆ. ತಪ್ಪು ಮಾಡಿದೋನು ದಾರೀಲಿ ಓಡಾಡಿಕೊಂಡು ಇರ್ತಾನೆ, ಶಿಕ್ಷೆ ಅನುಭವಿಸೋಳು ಮನೇಲಿ ಕೂತಿರ್ತಾಳೆ. ಕರಾಟೆ ಕಲಿತ ಮಾತ್ರಕ್ಕೆ ಇದೆಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ತಲೆಯೆತ್ತಿ ನಡೆಯಲು, “ದೂರ ನಿಲ್ಲು!” ಎಂದು ಗಟ್ಟಿಯಾಗಿ ಕೂಗಲು ಧೈರ್ಯ ಬರುತ್ತದೆ. ಹೊಟ್ಟೆಯಿಂದ ದನಿ ಹೊರಡಿಸಿ ಕೂಗುವುದೂ ಅಲ್ಲಿ ಒಂದು ಪಾಠವೇ.

ಎರಡನೆಯದು, ಮೂರು ತಿಂಗಳ ಮಾತು. ಹೀಗೆ ಹೇಳುವವರು ಅರ್ಧ ಸರಿ. ಹೊಡೆಯುವುದು ಕೈಯ ಕೆಲಸ ಅಂತ ನೋಡಿದವರು ತಿಳಿದಿರುತ್ತಾರೆ. ನಿಜವಾಗಿ ಪೆಟ್ಟು ಹುಟ್ಟುವುದು ಕಾಲಲ್ಲಿ. ಹಿಂದಿನ ಪಾದ ನೆಲವನ್ನು ಒತ್ತಬೇಕು, ಸೊಂಟ ತಿರುಗಬೇಕು, ಆಮೇಲೆ ಭುಜ, ಕೊನೆಗೆ ಮುಷ್ಟಿ. ಹೆಬ್ಬೆರಳು ಮುಷ್ಟಿಯ ಒಳಗಿರಬಾರದು, ಹೊರಗಿರಬೇಕು. ಮಣಿಕಟ್ಟು ನೆಟ್ಟಗಿರಬೇಕು. ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳು. ಮುಷ್ಟಿ ಪಳಗದವರು ಅಂಗೈಯ ಬುಡದಿಂದ ಹೊಡೆದರೆ ಬೆರಳಿಗೆ ಪೆಟ್ಟಾಗುವ ಭಯ ಕಡಿಮೆ. ಒಂದು ಕೈ ಹೊಡೆಯುವಾಗ ಇನ್ನೊಂದು ಕೈ ಮುಖ ಕಾಯಬೇಕು. ಒದೆಯುವಾಗ ಮೊದಲು ಮಂಡಿ ಎತ್ತಬೇಕು, ಒದ್ದ ಕಾಲನ್ನು ಕೂಡಲೇ ವಾಪಸ್ ಎಳೆದುಕೊಳ್ಳಬೇಕು. ಇಷ್ಟನ್ನೂ ಬಾಯಲ್ಲಿ ಹೇಳಲು ಒಂದು ನಿಮಿಷ ಸಾಕು. ಮೈಗೆ ಬರಲು ಸಾವಿರ ಸಲ ಮಾಡಬೇಕು. ಮಗ್ಗಿಯನ್ನು ಮೂರು ತಿಂಗಳು ಹೇಳಿ ಬಿಟ್ಟರೆ ಉಳಿಯುತ್ತದೆಯೇ? ಇದೂ ಹಾಗೆಯೇ.

ಇನ್ನೊಂದು ಮಾತು. ಸಾಲಾಗಿ ನಿಂತು ಗಾಳಿಗೆ ಗುದ್ದುವುದು, ಕಟಾ ಮಾಡುವುದು ಒಳ್ಳೆಯದೇ. ಕಾರ್ಯಕ್ರಮದ ದಿನ ಹೆಂಚು ಒಡೆದರೆ ಚಪ್ಪಾಳೆಯೂ ಬರುತ್ತದೆ. ಆದರೆ ಹೆಂಚು ಕೂದಲು ಹಿಡಿದು ಎಳೆಯುವುದಿಲ್ಲ. ಎದುರಿಗೆ ಒಬ್ಬರು ನಿಂತು, ಕೈ ಹಿಡಿದು ಎಳೆದು, ತಳ್ಳಿ, ಬಿಡಿಸಿಕೋ ಎಂದಾಗಲೇ ನಿಜವಾದ ಕಲಿಕೆ. ಎಷ್ಟು ದೂರ ನಿಂತರೆ ಅವರ ಕೈ ನಮಗೆ ಸಿಗುವುದಿಲ್ಲ, ಯಾವ ಕಡೆ ಸರಿಯಬೇಕು, ಯಾವಾಗ ಓಡಬೇಕು ಎಂಬುದೆಲ್ಲ ಜೊತೆಗಾರರಿಲ್ಲದೆ ಬರುವುದಿಲ್ಲ. ಅದಕ್ಕೇ ಸಮಯ ಬೇಕು.

ಮೂರನೆಯದು, ಹುಡುಗರ ಮಾತು. “ಅವರಿಗೆ ಕಲಿಸಿದರೆ ಕಪಿಗೆ ಹೆಂಡ ಕುಡಿಸಿದಂತೆ” ಎಂದು ನಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕರಾಟೆ ಹುಟ್ಟಿದ್ದು ಜಪಾನಿನ ಓಕಿನಾವಾ ದ್ವೀಪದಲ್ಲಿ. ಕರಾಟೆ ಎಂದರೆ ಬರಿಗೈ. ಅಲ್ಲಿ ಇಟೊಸು ಎಂಬ ಗುರುಗಳು 1901ರಲ್ಲಿ ಇದನ್ನು ಶಾಲೆಯ ಪಾಠವಾಗಿ ತಂದರು. ಅವರ ಶಿಷ್ಯ, ಸ್ವತಃ ಶಾಲಾ ಮೇಷ್ಟ್ರಾಗಿದ್ದ ಗಿಚಿನ್ ಫುನಾಕೋಶಿ, 1922ರಲ್ಲಿ ಟೋಕಿಯೋದಲ್ಲಿ ಇದನ್ನು ಪ್ರದರ್ಶಿಸಿದರು. ಅವರು ಬರೆದಿಟ್ಟ 20 ನಿಯಮಗಳಲ್ಲಿ ಮೊದಲನೆಯದು, ಕರಾಟೆ ಶುರುವಾಗುವುದೂ ಮುಗಿಯುವುದೂ ನಮಸ್ಕಾರದಿಂದ ಎಂಬುದು. ಎರಡನೆಯದು, ಮೊದಲ ಏಟು ನಮ್ಮದಾಗಿರಬಾರದು ಎಂಬುದು. ಈ ಎರಡನೆಯ ನಿಯಮ ಹೆಚ್ಚು ಬೇಕಾಗಿರುವುದು ಯಾರಿಗೆ? ನೀವೇ ಯೋಚಿಸಿ! ಜೊತೆಗಾರ್ತಿಯ ಮುಖದಿಂದ ಒಂದು ಅಂಗುಲ ದೂರದಲ್ಲಿ ಮುಷ್ಟಿ ನಿಲ್ಲಿಸಲು ಕಲಿತ ಹುಡುಗ ಸಿಟ್ಟನ್ನೂ ನಿಲ್ಲಿಸಲು ಕಲಿಯುತ್ತಾನೆ. ಅವಳ ಪೆಟ್ಟಿಗೆ ಪ್ಯಾಡ್ ಹಿಡಿದವನಿಗೆ ಅವಳ ಶಕ್ತಿಯೂ ತಿಳಿಯುತ್ತದೆ. ಹೆಣ್ಣುಮಕ್ಕಳಿಗೆ ಮಾತ್ರ ಕಲಿಸಿ ಸುಮ್ಮನಾದರೆ, ಕಾಪಾಡಿಕೊಳ್ಳುವ ಹೊಣೆಯೆಲ್ಲ ಅವರ ತಲೆಗೇ ಕಟ್ಟಿದ ಹಾಗೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆತ್ಮರಕ್ಷಣೆ ಎಂದರೆ ಗೆಲ್ಲುವುದಲ್ಲ, ಕ್ಷೇಮವಾಗಿ ಮನೆ ಸೇರುವುದು. ಓಡಲು ದಾರಿ ಇದ್ದರೆ ಓಡಬೇಕು. ದಾರಿ ಇಲ್ಲದಿದ್ದರೆ ಮಾತ್ರ ಏಟು, ಅದೂ ಬಿಡಿಸಿಕೊಂಡು ಓಡುವಷ್ಟು. ಕಾನೂನೂ ಹೀಗೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆ, 2023ರ 34ರಿಂದ 44ನೇ ಕಲಂಗಳು ನಮ್ಮನ್ನು ನಾವು ರಕ್ಷಿಸಿಕೊಳ್ಳುವ ಹಕ್ಕು ಕೊಟ್ಟಿವೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹೊಡೆಯುವ ಹಕ್ಕು ಕೊಟ್ಟಿಲ್ಲ. ಮನೆ ಸೇರಿದ ಮೇಲೆ ಸುಮ್ಮನಿರಬಾರದು, ಹೇಳಬೇಕು. 1098 ಮಕ್ಕಳ ಸಹಾಯವಾಣಿ, 112 ತುರ್ತು ಕರೆ. ಎರಡನ್ನೂ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ. 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಇದೆ. ಕೆಲವೊಮ್ಮೆ ತೊಂದರೆ ಕೊಡುವವರು ದಾರಿಹೋಕರಲ್ಲ, ಪರಿಚಯದವರೇ ಆಗಿರುತ್ತಾರೆ. ಅಲ್ಲಿ ಮುಷ್ಟಿಗಿಂತ ಬಾಯಿ ಬಿಟ್ಟು ಹೇಳುವುದೇ ದೊಡ್ಡ ಧೈರ್ಯ. ಹೇಳಿದವಳನ್ನು ಮನೆಯಲ್ಲಿ ಕೂರಿಸದಿರುವುದು ದೊಡ್ಡವರ ಧರ್ಮ.

“ಹಳ್ಳಿ ಮಕ್ಕಳಿಂದ ಏನಾಗುತ್ತೆ?” ಎನ್ನುವವರಿಗೆ ಒಂದು ಉದಾಹರಣೆ. ಲವ್ಲೀನಾ ಬೊರ್ಗೊಹೈನ್ ಅಸ್ಸಾಮಿನ ಗೋಲಾಘಾಟ್ ಜಿಲ್ಲೆಯ ಹಳ್ಳಿಯ ಹುಡುಗಿ. ಅಕ್ಕಂದಿರ ಹಾದಿ ಹಿಡಿದು ಮೊದಲು ಕಲಿತದ್ದು ಮುಯ್ ಥಾಯ್. ಅದು ಮುಷ್ಟಿ, ಮೊಣಕೈ, ಮಂಡಿ, ಕಾಲು ಎಲ್ಲವನ್ನೂ ಬಳಸುವ ಥಾಯ್ಲೆಂಡಿನ ವಿದ್ಯೆ. ಆಮೇಲೆ ಬಾಕ್ಸಿಂಗ್‌ಗೆ ಬಂದು, 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು. 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಎಲ್ಲರೂ ಲವ್ಲೀನಾ ಆಗಬೇಕಿಲ್ಲ. ಕಲಿಯಲು ಅವಕಾಶವಾದರೂ ಇರಬೇಕಲ್ಲವೇ?

ಕೊನೆಯದಾಗಿ ನನ್ನ ಬೇಡಿಕೆ. ಶನಿವಾರ ಬೆಳಗಿನ ಸಾಮೂಹಿಕ ಕವಾಯತಿನ ನಂತರ 40 ನಿಮಿಷ ಕೊಡಿ. ಪಿ.ಟಿ. ಮೇಷ್ಟ್ರ ಎದುರಿನಲ್ಲಿ, ಕಲಿತ ಅಕ್ಕಂದಿರು ಉಳಿದವರಿಗೆ ಅಭ್ಯಾಸ ಮಾಡಿಸಲಿ. ತಿಂಗಳಿಗೊಮ್ಮೆ ಕರಾಟೆ ಮೇಷ್ಟ್ರನ್ನು ಕರೆಸಲು ಎಸ್.ಡಿ.ಎಂ.ಸಿ.ಯವರು ಮನಸ್ಸು ಮಾಡಲಿ. ಪ್ಯಾಡ್‌ಗೆ ದುಡ್ಡಿಲ್ಲದಿದ್ದರೆ ಗೋಣಿಚೀಲಕ್ಕೆ ಹಳೇ ಬಟ್ಟೆ ತುಂಬಿ ಬೇವಿನ ಮರಕ್ಕೆ ಕಟ್ಟೋಣ. ಚೀಲ ನಾವು ತರುತ್ತೇವೆ, ಸಮಯ ನೀವು ಕೊಡಿ.

ಈ ಅಭಿಪ್ರಾಯ ಒಪ್ಪದವರು ದಯಮಾಡಿ ಮುಂದಿನ ಸಂಚಿಕೆಗೆ ಬರೆದುಕೊಡಿ. ಜಗಳ ಬೇಡ, ಚರ್ಚೆ ಇರಲಿ!

– 9ನೇ ತರಗತಿಯ ವಿದ್ಯಾರ್ಥಿನಿ