ಎಂಜಿನಿನ ನೀರಿನ ಪಂಪಿಗೆ ವಿದ್ಯುತ್ತು ಬೇಕೆ?

ಮೋಟಾರು ವಾಹನದ ಎಂಜಿನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ನಮ್ಮ ಕೆಲಸಕ್ಕೆ ಒದಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಎಂಜಿನಿನೊಳಗೆ ಹರಿಯುವ ನೀರು ಹೊತ್ತುಕೊಂಡು ಹೋಗಿ, ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಈ ನೀರನ್ನು ಸುತ್ತಿಸುವ ಪಂಪು ಬಹುಕಾಲದಿಂದ ಬೆಲ್ಟಿನ ಮೂಲಕ ಎಂಜಿನಿನಿಂದಲೇ ತಿರುಗುತ್ತ ಬಂದಿದೆ. ಅದನ್ನು ತೆಗೆದು ವಿದ್ಯುತ್ ಪಂಪನ್ನು ಜೋಡಿಸುವುದು ಲೇಸೇ? ಹಲವರು ಹೌದೆನ್ನುತ್ತಾರೆ. ನಾವೂ ಹೌದೆನ್ನುತ್ತೇವೆ, ಆದರೆ ಅವರು ಹೇಳುವ ಕಾರಣಕ್ಕಾಗಿ ಅಲ್ಲ.

ಎಂಜಿನಿನ ಹೊರೆ ಇಳಿಯುತ್ತದೆ ಎಂಬುದು ಅವರ ವಾದ. ಶಕ್ತಿ ಸಂರಕ್ಷಣೆಯ ನಿಯಮವನ್ನು ಓದಿದ ವಿದ್ಯಾರ್ಥಿಗಳು ಇದನ್ನು ಹಾಗೆಯೇ ಒಪ್ಪತಕ್ಕದ್ದಲ್ಲ. ಪಂಪಿನ ಮೋಟಾರಿಗೆ ವಿದ್ಯುತ್ತನ್ನು ಕೊಡುವುದು ಬ್ಯಾಟರಿ. ಬ್ಯಾಟರಿಯನ್ನು ತುಂಬುವುದು ಆಲ್ಟರ್ನೇಟರು. ಅದನ್ನು ತಿರುಗಿಸುವುದು ಮತ್ತೆ ಅದೇ ಎಂಜಿನು! ಆಲ್ಟರ್ನೇಟರಿನ ದಕ್ಷತೆ ನೂರಕ್ಕೆ ೬೦, ಮೋಟಾರಿನದು ನೂರಕ್ಕೆ ೮೦ ಎಂದಿಟ್ಟುಕೊಂಡರೆ, ಎಂಜಿನು ಕೊಟ್ಟ ೧೦೦ ಪಾಲಿನಲ್ಲಿ ಪಂಪಿಗೆ ಸೇರುವುದು ೪೮ ಪಾಲು ಮಾತ್ರ. ಬೆಲ್ಟಿನ ದಾರಿಯಲ್ಲಿ ಇಷ್ಟು ನಷ್ಟವಿಲ್ಲ. ಎರಡು ಪಂಪುಗಳೂ ಒಂದೇ ಸಮನೆ ದುಡಿಯುವುದಾದರೆ ಸೋಲುವುದು ವಿದ್ಯುತ್ತೇ.

ಆದರೆ ಅವು ಒಂದೇ ಸಮನೆ ದುಡಿಯಬೇಕಾಗಿಲ್ಲ. ಬೆಲ್ಟಿನ ಪಂಪು ಎಂಜಿನಿನ ವೇಗಕ್ಕೆ ಕಟ್ಟುಬಿದ್ದಿದೆ. ಎಂಜಿನು ನಿಮಿಷಕ್ಕೆ ೧೫೦೦ ಸುತ್ತಿನಿಂದ ೪೫೦೦ ಸುತ್ತಿಗೇರಿದರೆ ನೀರಿನ ಹರಿವು ೩ ಮಡಿಯಾಗುತ್ತದೆ. ಕೇಂದ್ರಾಪಗಾಮಿ ಪಂಪು ಬೇಡುವ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾದುದರಿಂದ ೨೭ ಮಡಿಯಾಗುತ್ತದೆ. ಅಷ್ಟು ನೀರು ಆಗ ಬೇಕೆ ಎಂದು ಬೆಲ್ಟು ಕೇಳುವುದಿಲ್ಲ. ಥರ್ಮೋಸ್ಟಾಟು ನೀರಿನ ದಾರಿಯನ್ನು ಬದಲಿಸಬಲ್ಲುದೇ ಹೊರತು ಪಂಪಿನ ವೇಗವನ್ನು ತಗ್ಗಿಸಲಾರದು. ಅರ್ಧ ಹರಿವೇ ಸಾಕಾದ ಸಮಯದಲ್ಲಿ ವಿದ್ಯುತ್ ಪಂಪು ಅರ್ಧ ವೇಗದಿಂದ ತಿರುಗಿದರೆ ಅದಕ್ಕೆ ಬೇಕಾದ ಶಕ್ತಿ ಎಂಟನೆಯ ಒಂದು ಪಾಲು. ದಾರಿಯ ನಷ್ಟವನ್ನೆಲ್ಲ ಸೇರಿಸಿದರೂ ಎಂಜಿನಿಗೆ ತಗಲುವ ವೆಚ್ಚ ಮೊದಲಿನದರ ಸುಮಾರು ಕಾಲುಪಾಲು.

ಪ್ರಯೋಜನ ಇಷ್ಟಕ್ಕೇ ಮುಗಿಯದು. ತಣ್ಣಗಿರುವ ಎಂಜಿನು ಬೇಗ ಬಿಸಿಯೇರುವಂತೆ ಪಂಪು ಸ್ವಲ್ಪ ಹೊತ್ತು ಸುಮ್ಮನಿರಬಹುದು. ಘಟ್ಟವನ್ನೇರಿ ಬಂದ ವಾಹನ ನಿಂತ ಮೇಲೂ ಕೊಂಚ ಕಾಲ ನೀರನ್ನು ಸುತ್ತಿಸಿ ಉಳಿದ ಶಾಖವನ್ನು ಸಾಗಿಸಬಹುದು. ೨೦೦೪ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆಯವರು ತಮ್ಮ ಆರು ಸಿಲಿಂಡರಿನ ಹೊಸ ಎಂಜಿನಿಗೆ ಸುಮಾರು ೨೦೦ ವಾಟಿನ ವಿದ್ಯುತ್ ಪಂಪನ್ನು ಅಳವಡಿಸಿದರು. ೨೦೦೯ರ ಟೊಯೋಟಾ ಪ್ರಿಯಸ್ ಕಾರಿನ ಎಂಜಿನಿನಲ್ಲಿ ಇಂಥ ಉಪಕರಣಗಳನ್ನು ತಿರುಗಿಸುವ ಬೆಲ್ಟೇ ಇಲ್ಲ.

ಇದನ್ನು ಕೇಳಿ ಹಳೆಯ ವಾಹನದ ಪಂಪನ್ನು ಕಿತ್ತು, ಮೋಟಾರನ್ನು ನೇರವಾಗಿ ಸ್ವಿಚ್ಚಿಗೆ ಜೋಡಿಸಿ ಸದಾ ಪೂರ್ಣವೇಗದಲ್ಲಿ ಓಡಿಸುವವರುಂಟು. ಇದು ಸುಧಾರಣೆಯಲ್ಲವೆಂದೇ ನಮ್ಮ ಅಭಿಪ್ರಾಯ. ವೇಗವನ್ನು ಹತೋಟಿಯಲ್ಲಿಡುವ ಸೌಲಭ್ಯವನ್ನು ಬಿಟ್ಟುಕೊಟ್ಟು ಶಕ್ತಿಯ ನಷ್ಟವನ್ನು ಮಾತ್ರ ಉಳಿಸಿಕೊಂಡಂತಾಯಿತು. ಅಪಾಯವೂ ಇದೆ. ಬೆಲ್ಟಿನ ಪಂಪು ಸಾಮಾನ್ಯವಾಗಿ ಸೋರಿ, ಸದ್ದುಮಾಡಿ ತನ್ನ ಮುಪ್ಪನ್ನು ಮೊದಲೇ ತಿಳಿಸುತ್ತದೆ. ತಂತಿ ಸಡಿಲವಾದರೆ ಅಥವಾ ಫ್ಯೂಸು ಸುಟ್ಟರೆ ವಿದ್ಯುತ್ ಪಂಪು ಸದ್ದಿಲ್ಲದೆ ನಿಲ್ಲುತ್ತದೆ. ಭಾರ ಹೊತ್ತ ಎಂಜಿನು ಕೆಲವೇ ನಿಮಿಷಗಳಲ್ಲಿ ಅತಿಯಾಗಿ ಕಾದು, ಸಿಲಿಂಡರಿನ ತಲೆ ಸೊಟ್ಟಗಾಗಲೂಬಹುದು. ಆದುದರಿಂದ ಉಷ್ಣತೆಯನ್ನು ಅಳೆದು ಪಂಪಿನ ವೇಗವನ್ನು ನಿಯಂತ್ರಿಸುವ ಸಾಧನವೂ, ಪಂಪು ನಿಂತೊಡನೆ ಚಾಲಕನನ್ನು ಎಚ್ಚರಿಸುವ ದೀಪವೂ ಇಲ್ಲದೆ ಈ ಬದಲಾವಣೆಗೆ ಯಾರೂ ಕೈಹಾಕಬಾರದು. ಅವೆರಡೂ ಇಲ್ಲದಿದ್ದಲ್ಲಿ ಹಳೆಯ ಬೆಲ್ಟೇ ಮೇಲು.